ಪುಣೆಗೆ ಹೊರಟ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ, ಮುಂಬೈಯ ಮಾಟುಂಗಾದಿಂದ ಮಾವ ಮಾಡುವ ಆಶೀರ್ವಾದಗಳು.

ಪುಣೆಯಲ್ಲಿ ಕೆಲಸ ಸಿಕ್ಕಿದ್ದನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. "ಮೂರು ಗಂಟೆ ದಾರಿ, ಮುಂಬೈ ಇದ್ದ ಹಾಗೇ" ಅಂದೆಯಂತೆ. ಅಲ್ಲ ಮಾರಾಯ. ನಾನೂ ಹಾಗೇ ಅಂದುಕೊಂಡು ಒಂದು ಡಿಸೆಂಬರಿನಲ್ಲಿ ತೆಳು ಅಂಗಿ ತೊಟ್ಟು ಅಲ್ಲಿಗೆ ಮದುವೆಗೆ ಹೋಗಿದ್ದೆ. ರಾತ್ರಿಯೆಲ್ಲ ಜಮಖಾನೆ ಹೊದ್ದು ಅಡುಗೆಯವರ ಒಲೆ ಪಕ್ಕ ಕೂತಿದ್ದೆ. ಸ್ವೆಟರ್ ಮರೆಯಬೇಡ.

ಇಲ್ಲಿ ನಮ್ಮನ್ನು ಕಾಪಾಡುವುದು ಕಡಲು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಅದಕ್ಕೇ ಚಳಿ ಅಷ್ಟಿಲ್ಲ, ಬೇಸಿಗೆ ಮಧ್ಯಾಹ್ನ ಗಾಳಿಯೂ ಬರುತ್ತದೆ. ಬೆವರು ಮಾತ್ರ ಆರುವುದಿಲ್ಲ! ಪುಣೆ ಘಾಟಿಯ ಮೇಲೆ, ಸುಮಾರು 560 ಮೀಟರ್ ಎತ್ತರದಲ್ಲಿದೆ. ಕಡಲು ದೂರ. ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ರಾತ್ರಿ ನೆಲ ಬೇಗ ತಣಿಯುತ್ತದೆ. ಬಾಡಿಗೆ ಕಡಿಮೆ ಅಂತ ಸುಮ್ನೆ ಕೊನೇ ಮಹಡಿಯ ಮನೆ ಹಿಡಿಯಬೇಡ. ಹಗಲು ಕಾದ ಸ್ಲ್ಯಾಬಿನ ಕೆಳಗೆ ಆ ತಂಪು ನಿನಗೆ ದಕ್ಕುವುದಿಲ್ಲ.

ಜುಲೈಯಲ್ಲಿ ಪುಣೆಗೆ ಬರುವ ಡೆಕ್ಕನ್ ಕ್ವೀನ್ ರೈಲು ಹತ್ತಿ ಕಿಟಕಿ ಪಕ್ಕ ಕೂತು ನೋಡು. ಕರ್ಜತ್ ದಾಟಿ ಬೋರ್ ಘಾಟಿ ಹತ್ತುವಾಗ ಹೊರಗೆ ಏನೂ ಕಾಣದಷ್ಟು ಮಳೆ. ಲೋಣಾವಳದಲ್ಲೂ ಅದೇ. ಪುಣೆಯಲ್ಲಿ ಇಳಿದರೆ ಎಷ್ಟೋ ಸಲ ಬರೀ ತುಂತುರು. ಕಡಲಿನಿಂದ ಬಂದ ಒದ್ದೆ ಗಾಳಿ ಸಹ್ಯಾದ್ರಿ ಹತ್ತುತ್ತಾ ತಣ್ಣಗಾಗಿ, ಹೊತ್ತ ನೀರನ್ನು ಅಲ್ಲೇ ಸುರಿಸುತ್ತದೆ. ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗಿರುತ್ತದೆ. ಮುಂಬೈಗೆ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ, ಪುಣೆಗೆ 700ರ ಆಸುಪಾಸು. ಆಗುಂಬೆ ಹತ್ತಿ ಶಿವಮೊಗ್ಗಕ್ಕೆ ಹೋಗುವಾಗ ನೀನೇ ನೋಡಿದ್ದೀಯಲ್ಲ, ಅದೇ ಕಥೆ.

ಹಾಗಂತ ಮಳೆ ಕಡಿಮೆ ಎಂದು ನದಿಪಾತ್ರದ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಹೋಗಬೇಡ. ಪುಣೆಗೆ ಘಾಟಿಯ ಮಳೆ ಮುಠಾ ನದಿಯಲ್ಲಿ ಬರುತ್ತದೆ. ಮೇಲೆ ಪಾನ್‌ಶೇತ್, ವರಸ್‌ಗಾಂವ್ ಕಡೆ ಜೋರಾಗಿ ಹೊಡೆದರೆ ಖಡಕ್‌ವಾಸ್ಲಾ ಅಣೆಕಟ್ಟಿನ ಬಾಗಿಲು ತೆಗೆಯುತ್ತಾರೆ. ಊರಲ್ಲಿ ಕೊಡೆಯೂ ಬೇಡದ ದಿನ ನದಿಯ ತಗ್ಗಿನ ಭಿಡೆ ಸೇತುವೆ ಮುಳುಗಿರಬಹುದು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟೇ ಒಡೆದು ಅರ್ಧ ಊರು ನೀರಾಗಿತ್ತು. ಹಳಬರನ್ನು ಕೇಳು, ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ತೋರಿಸುತ್ತಾರೆ. ಮನೆ ನೋಡುವಾಗ ಅದನ್ನೂ ಕೇಳಿಕೋ.

ಚಳಿಗಾಲದಲ್ಲಿ ತುಟಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಇಟ್ಟುಕೋ. ನಿನ್ನ ಅತ್ತೆ ಆಗಲೇ ಕೇಳುತ್ತಿದ್ದಾಳೆ, ಅಲ್ಲಿ ಟೆರೇಸಿಗೆ ಬೀಗ ಹಾಕುತ್ತಾರಾ ಅಂತ. ಇಲ್ಲಿ ಹಪ್ಪಳ ಒಣಗಲು ಮೂರು ದಿನ ಬೇಕು. ಮಾರ್ಚಿನಲ್ಲಿ ಅವಳು ಬಂದರೆ ಹಪ್ಪಳ ಹರಡಲು ಹಳೇ ಪಂಚೆ ಜಾಸ್ತಿ ತೆಗೆದಿಟ್ಟಿರು.

ಇತಿ,
ನಿನ್ನ ಮಾವ