ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ: ಫುಟ್ಬಾಲ್ ಹುಡುಗರ ಮೊದಲ ಒಪ್ಪಂದಕ್ಕೆ ಮುನ್ನ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ನಮಸ್ಕಾರ.

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಚೆನ್ನಾಗಿ ಆಡುವ ಹುಡುಗರಿಗೆ ಇವತ್ತಿಗೂ ಬರವಿಲ್ಲ. ಅವರು ಕೈತಪ್ಪುವುದು 16ರಿಂದ 20ರ ನಡುವೆ, ಅದೂ ಎಷ್ಟೋ ಸಲ ಕಾಗದಪತ್ರದ ಕಾರಣಕ್ಕೆ.

ಹೆಸರನ್ನೇ ನೋಡಿ. ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ ಇರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಅದು ಹೆಸರಿನ ಮುಂದಿರುತ್ತದೆ. ಆಧಾರ್‌ನಲ್ಲಿ ಅದೇ ಇನಿಷಿಯಲ್ ಅಪ್ಪನ ಪೂರ್ತಿ ಹೆಸರಾಗಿ ಕೊನೆಗೆ ಬಂದಿರುತ್ತದೆ. ಮೂರೂ ತಾಳೆಯಾಗದಿದ್ದರೆ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ (ಎಐಎಫ್‌ಎಫ್) ಆಟಗಾರರನ್ನು ದಾಖಲಿಸುವ ಸಿಆರ್‌ಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಸಿಕ್ಕಿಹಾಕಿಕೊಳ್ಳುತ್ತದೆ. ತಿದ್ದಿಸಿಕೊಂಡು ಬರುವಷ್ಟರಲ್ಲಿ ನೋಂದಣಿ ಅವಧಿಯೇ ಮುಗಿದಿರುತ್ತದೆ. ಹುಟ್ಟಿ ವರ್ಷ ಕಳೆದ ಮೇಲೆ ಮಾಡಿಸಿದ ಪ್ರಮಾಣಪತ್ರವಾದರೆ ವಯಸ್ಸಿನ ಬಗ್ಗೆಯೂ ಅನುಮಾನ. ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಹೇಳುತ್ತಾರೆ. ಅದು ಅಂದಾಜು ಅಷ್ಟೆ. ಬೇಗ ಬೆಳೆದ ಹುಡುಗ ನಿಜವಾದ ವಯಸ್ಸು ಹೇಳಿದರೂ ಹೊರಗುಳಿಯಬಹುದು.

ಇದಕ್ಕಿಂತ ದೊಡ್ಡ ನಷ್ಟ ಸಣ್ಣ ಕ್ಲಬ್‌ಗಳದ್ದು. ಆಟಗಾರ ಒಪ್ಪಂದದ ಅವಧಿಯಲ್ಲೇ ಹೊರದೇಶದ ಕ್ಲಬ್‌ಗೆ ಮಾರಾಟವಾದರೆ, ವರ್ಗಾವಣೆ ಶುಲ್ಕದ 5% ಹಣ ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕೆಂದು ಫಿಫಾ ನಿಯಮವಿದೆ. 12ರಿಂದ 15ರವರೆಗೆ ವರ್ಷಕ್ಕೆ 0.25%, ಆಮೇಲೆ 0.5%. ಶುಲ್ಕ 1 ಕೋಟಿ ರೂಪಾಯಿ ಎಂದುಕೊಂಡರೆ, ಆ ಮೊದಲ ನಾಲ್ಕು ವರ್ಷ ಕಲಿಸಿದ ಕ್ಲಬ್‌ಗೆ 1 ಲಕ್ಷ. ನಮ್ಮ ಹುಡುಗರು ಹೊರದೇಶಕ್ಕೆ ಹೋಗುವುದು ಅಪರೂಪ, ನಿಜ. ಆದರೆ ಮೊದಲ ವೃತ್ತಿಪರ ಒಪ್ಪಂದವಾದಾಗ, ಹಿಂದೆ ಕಲಿಸಿದ ಕ್ಲಬ್ ಹೊಸ ಕ್ಲಬ್‌ನಿಂದ ಕೇಳಬಹುದಾದ ತರಬೇತಿ ಪರಿಹಾರಕ್ಕೂ ನೋಂದಣಿಯೇ ಆಧಾರ. ಬಡಾವಣೆಯ ಕ್ಲಬ್‌ಗಳು ಲೀಗ್‌ಗೆ ಇಳಿಸುವವರನ್ನು ಮಾತ್ರ ನೋಂದಾಯಿಸುತ್ತವೆ. 13ರ ಹುಡುಗ ದಿನಾ ಅಲ್ಲೇ ಕಲಿತರೂ ದಾಖಲೆಯಲ್ಲಿ ಇರುವುದಿಲ್ಲ. 16ಕ್ಕೆ ಅಕಾಡೆಮಿ ಸೇರಿದಾಗ ಅದೇ ಅವನ ಮೊದಲ ಕ್ಲಬ್ ಎಂದಾಗುತ್ತದೆ. ಚೆಂಡು, ಬಿಬ್ಸ್, ಮೈದಾನದ ಬಾಡಿಗೆ ಹೊಂದಿಸಿದವರಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಇನ್ನು ಒಪ್ಪಂದ. 18 ತುಂಬದವರೊಂದಿಗೆ 3 ವರ್ಷಕ್ಕಿಂತ ಹೆಚ್ಚಿನ ವೃತ್ತಿಪರ ಒಪ್ಪಂದ ಮಾಡಿಕೊಳ್ಳಲು ಫಿಫಾ ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಪೋಷಕರು ಇಂಗ್ಲಿಷಿನ ಹಾಳೆಗಳಿಗೆ ಸಹಿ ಹಾಕುತ್ತಾರೆ. ಕ್ಲಬ್ ತಾನೊಂದೇ ಅವಧಿ ವಿಸ್ತರಿಸಿಕೊಳ್ಳಬಹುದೇ, ಗಾಯವಾದರೆ ಆಸ್ಪತ್ರೆ ಖರ್ಚು ಮತ್ತು ಸಂಬಳ ಯಾರದ್ದು — ಓದಬೇಕಾದ ಸಾಲುಗಳು ಇವು. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 9 ತಿಂಗಳು ಪಂದ್ಯ ಆಡಿಸಬಾರದು. ಒಂದು ವರ್ಷದ ಒಪ್ಪಂದ ಅಷ್ಟರೊಳಗೆ ಮುಗಿದುಹೋಗಿ, ಫಿಸಿಯೊಥೆರಪಿ ಅರ್ಧಕ್ಕೆ ನಿಲ್ಲುತ್ತದೆ.

ಹಾಗಾಗಿ ಕಂಠೀರವ ಕ್ರೀಡಾಂಗಣದ ಒಂದು ಕೋಣೆಯಲ್ಲಿ ಸಹಾಯ ಕೇಂದ್ರ ತೆರೆಯಿರಿ. ಸಿಆರ್‌ಎಸ್ ಬಲ್ಲ ಗುಮಾಸ್ತರೊಬ್ಬರು ದಿನವೂ ಇರಲಿ. ಒಪ್ಪಂದವನ್ನು ಕನ್ನಡ, ತಮಿಳು, ಉರ್ದುವಿನಲ್ಲಿ ಬಿಡಿಸಿ ಹೇಳುವ ವಕೀಲರು ವಾರಕ್ಕೆರಡು ದಿನ ಬರಲಿ. 12 ತುಂಬುವ ಪ್ರತಿ ಹುಡುಗ, ಹುಡುಗಿಯ ನೋಂದಣಿ ಶುಲ್ಕವನ್ನು ಇಲಾಖೆ ಕಟ್ಟಲಿ. ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಇರುವುದರಿಂದ ದಿನಾಂಕದ ತೊಂದರೆ ತಗ್ಗಿದೆ. 75% ಹಾಜರಾತಿಯ ತೊಂದರೆ ಹಾಗೇ ಇದೆ. ರಾಜ್ಯ ಶಿಬಿರದ ದಿನಗಳನ್ನು ಹಾಜರಿಗೆ ಸೇರಿಸುವಂತೆ ಶಿಕ್ಷಣ ಇಲಾಖೆಯೊಂದಿಗೆ ಮಾತಾಡಿ, ಪ್ರತಿ ಕಾಲೇಜಿಗೂ ಲಿಖಿತ ಆದೇಶ ಕಳಿಸಿ. ಮುಂದಿನ ಋತುವಿನ ನೋಂದಣಿ ಶುರುವಾಗುವ ಮೊದಲೇ ಇಷ್ಟಾಗಲಿ ಎಂದು ಕೋರುತ್ತೇವೆ.

ಇಂತಿ,
ಬೆಂಗಳೂರಿನ ಕಿರಿಯರ ಫುಟ್ಬಾಲ್ ತರಬೇತುದಾರರು