ಇಪ್ಪತ್ತೈದು ವರ್ಷ ಜೊತೆಗಿದ್ದವರಿಗೆ

ಕರಿಕೋಟು ಹಾಕಿಕೊಂಡು ಮೊನ್ನೆಗೆ 25 ವರ್ಷ ಆಯಿತು. ಜಮೀನು, ಕಟ್ಟಡ, ಮಳಿಗೆಗಳ ಕಾಗದಪತ್ರ ಒಂದು ಕಡೆ, ದಿವಾಳಿಯಾದ ಕಂಪನಿಗಳ ಕೇಸು ಇನ್ನೊಂದು ಕಡೆ, ಇದರಲ್ಲೇ ಬೆಂಗಳೂರಿನಲ್ಲಿ ಇಷ್ಟು ವರ್ಷ ಕಳೆದವು. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀನಿಯರ್‌ಗೆ. 2001ರಲ್ಲಿ ಆಫೀಸ್ ಕಟ್ಟಡಕ್ಕೆ ಜಾಗ ಕೊಳ್ಳುವವರ ಪರವಾಗಿ ದಾಖಲೆ ನೋಡಲು ಕೊಟ್ಟಿದ್ದರು. ಮೂಲಪತ್ರ, 30 ವರ್ಷದ ಇಸಿ (ಋಣಭಾರ ಪತ್ರ), ಪಹಣಿ, ಖಾತೆ ಬದಲಾವಣೆಯ ಮ್ಯುಟೇಷನ್, ಕಂದಾಯದ ರಸೀದಿ ಎಲ್ಲ ಇದ್ದವು, ಯಾವ ತೊಡಕೂ ಇಲ್ಲ ಅಂತ ಬರೆದುಕೊಂಡು ಹೋದೆ. ಅವರು ವಂಶವೃಕ್ಷದ ಹಾಳೆಯೊಂದನ್ನೇ ಎಳೆದುಕೊಂಡು, ಮೂರು ಗಂಡುಮಕ್ಕಳ ಹೆಸರಿನ ಮೇಲೆ ಪೆನ್ನು ಆಡಿಸಿ, "ಈ ಮನೇಲಿ ಹೆಣ್ಣುಮಕ್ಕಳೇ ಹುಟ್ಟಲಿಲ್ವೇನಮ್ಮ?" ಅಂದರು. ಊರಿಗೇ ಹೋಗಿ ವಿಚಾರಿಸಿದೆ. ಒಬ್ಬ ಮಗಳಿದ್ದರು, 1998ರಲ್ಲಿ ಮದುವೆಯಾಗಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅನ್ನುವ ಕಾನೂನು ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ, ಆದರೆ ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಅದಾದ ಮೇಲೆ ಮದುವೆಯಾದವರು, ಹಾಗಾಗಿ ಅವರಿಗೂ ಪಾಲಿತ್ತು. ಅವರ ಹಣ ಅವರಿಗೆ ಸೇರಿದ ಮೇಲೆಯೇ ಕ್ರಯಪತ್ರ ಆಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟಿನ ಶಾಯಿಯನ್ನು ಸೆರಗಿನ ತುದಿಗೆ ಒರೆಸಿಕೊಳ್ಳುತ್ತಾ, "ನನ್ನ ಹೆಸರೂ ಬರೆದ್ರಾ ಮೇಡಂ?" ಅಂತ ಕೇಳಿದರು. ಇವತ್ತಿಗೂ ವಂಶವೃಕ್ಷ ಕೈಗೆ ಬಂದರೆ ನಾನು ಮೊದಲು ಹೆಣ್ಣುಮಕ್ಕಳನ್ನೇ ಹುಡುಕುವುದು. ಸರ್, ಅದು ನೀವು ಕೊಟ್ಟ ಕಣ್ಣು.

ಆಮೇಲೆ, ಬಿಲ್ಡರ್ ದಿವಾಳಿಯಾಗಿ ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಮನೆ, ಮಳಿಗೆ ಬುಕ್ ಮಾಡಿದ್ದ ಆ 62 ಜನಕ್ಕೆ. 2016ರ ದಿವಾಳಿ ಕಾನೂನು ಹೊಸದು, ಅದರಲ್ಲಿ ಬ್ಯಾಂಕಿಗೆ ಜಾಗ ಇತ್ತು, ಸರಕು ಕೊಟ್ಟವರಿಗೆ ಜಾಗ ಇತ್ತು, ಮುಂಗಡ ಕಟ್ಟಿದವರು ಯಾವ ಸಾಲಿನಲ್ಲಿ ನಿಲ್ಲಬೇಕು ಅನ್ನುವುದೇ ಸ್ಪಷ್ಟ ಇರಲಿಲ್ಲ. 2017ರಲ್ಲಿ ನಿಮಗೆ ಅದನ್ನು ಹೇಳುವಾಗ ನನಗೆ ಬಾಯಿ ಬರಲಿಲ್ಲ. ಆದರೂ ಫೈಲು ವಾಪಸ್ ಕೇಳಲಿಲ್ಲ ನೀವು. 2018ರ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂತು, ನಿಮ್ಮ ಹಣವೂ ಬ್ಯಾಂಕಿನ ಸಾಲದ ಹಾಗೇ ಹಣಕಾಸಿನ ಸಾಲ ಅಂತಾಯಿತು, ಸಾಲ ಕೊಟ್ಟವರ ಸಮಿತಿಯಲ್ಲಿ ನಿಮಗೂ ಓಟು ಬಂತು. ಕ್ಲೇಮು ಹಾಕುವ ಕೊನೆಯ ದಿನದ ಹಿಂದಿನ ರಾತ್ರಿ ನೆನಪಿದೆಯಾ? ಒಂದೇ ಸ್ಕ್ಯಾನರ್, 62 ಜನರ ರಸೀದಿ, ನೀವೇ ಪಿನ್ ಕಿತ್ತು ಹಾಳೆ ಜೋಡಿಸಿ ಕೊಟ್ಟಿರಿ. ಬೆಳಗಿನ ಜಾವ ನಾಲ್ಕಕ್ಕೆ ಕೊನೆಯದು ಹೋಯಿತು.

ಆ ರಾತ್ರಿ ಒಂದು ಸಲವೂ ಕೂರದೆ ನಿಂತೇ ಕೆಲಸ ಮಾಡಿದವರು ನಮ್ಮ ಗುಮಾಸ್ತರು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 25ರಿಂದ ಒಂದು ವರ್ಷದೊಳಗೆ ಸಾಲ ಕಟ್ಟದೆ ಆದ ಸುಸ್ತಿಗೆ ದಿವಾಳಿ ಅರ್ಜಿ ಹಾಕುವ ಹಾಗಿಲ್ಲ ಅಂತಾಯಿತಲ್ಲ, ನೋಂದಣಿ ಕೆಲಸವೂ ನಿಂತಿತ್ತು, ಆಫೀಸಿಗೆ ಬರುವ ಹಣ ನಿಂತೇ ಹೋಯಿತು. "ಮೊದಲು ಜೂನಿಯರ್‌ಗಳಿಗೆ ಕೊಡಿ ಮೇಡಂ, ನಂದು ನೋಡೋಣ" ಅಂದರು ಅವರು. ಮನೆಯಲ್ಲಿ ಓದುವ ಇಬ್ಬರು ಮಕ್ಕಳು. ಬಾಕಿ ಆಮೇಲೆ ತೀರಿಸಿದೆ, ಆ ಮಾತು ಮಾತ್ರ ತೀರಿಸುವಂಥದ್ದಲ್ಲ. ನಮ್ಮ ಆಫೀಸಿನ ಮಾಲೀಕರೂ ಐದು ತಿಂಗಳು ಬಾಡಿಗೆ ಅನ್ನುವ ಮಾತೇ ಎತ್ತಲಿಲ್ಲ.

ಅತ್ತೆಯವರಿಗೆ ಏನು ಹೇಳಲಿ, ಮಗಳಿಗೆ ಊಟ ಮಾಡಿಸಿ, ಹೋಂವರ್ಕ್ ಬರೆಸಿ, ನನ್ನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಎಷ್ಟೋ ರಾತ್ರಿ ಕಾದಿದ್ದೀರಿ.

ಬರುವ ಭಾನುವಾರ ಮಧ್ಯಾಹ್ನ ಆಫೀಸಿನಲ್ಲೇ ಊಟ. 62 ಜನರೂ ಮನೆಯವರನ್ನು ಕರೆದುಕೊಂಡು ಬನ್ನಿ. ಅವತ್ತು ಗುಮಾಸ್ತರು ಕೂತಿರುತ್ತಾರೆ, ಬಡಿಸುವುದು ನಾನು.