ಮಿಕ್ಸ್ ಕಳಿಸೂ ಮುಂಚೆ ಇಷ್ಟು ನೋಡ್ರಿ

ಧಾರವಾಡ–ಹುಬ್ಬಳ್ಳಿ ಗುಂಪಿನ ಎಲ್ಲಾರಿಗೂ ನಮಸ್ಕಾರ್ರಿ. ನೀವು ಕಳಿಸಿದ ಹಾಡಿನ ಫೈಲ್‌ನ್ಯಾಗ ಹೆಚ್ಚಿನವು ರೆಕಾರ್ಡಿಂಗ್‌ನ್ಯಾಗ ಕೆಟ್ಟಾವ, ಮಿಕ್ಸ್‌ನ್ಯಾಗ (ಟ್ರ್ಯಾಕ್ ಎಲ್ಲಾ ಕೂಡಿಸಿ ಹದ ಮಾಡೂವಾಗ) ಅಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಇಟಗೊಳ್ರಿ. ತಾರ ಸಪ್ತಕದ ತಾನ್ ಜೋರಾಗಿ ಹಾಡಿದ್ರೂ ಮೀಟರ್ -10 ಡಿಬಿ (ಡೆಸಿಬಲ್, ದನಿಯ ಜೋರಿನ ಅಳತಿ) ಆಸುಪಾಸು ನಿಲ್ಲೂವಂಗ ಗೇನ್ (ಮೈಕ್‌ನ ದನಿ ಏರಿಸೂ ಮಟ್ಟ) ಇರಲಿ. ಒಮ್ಮೆ ಒಡದ ದನಿ ಯಾವ ಪ್ಲಗಿನ್‌ನಿಂದಲೂ ಪೂರಾ ಸರಿ ಆಗಂಗಿಲ್ಲ. ಬ್ಯಾಸಗಿ ಖರೆ, ಆದ್ರೂ ಫ್ಯಾನ್ ಬಂದ್ ಮಾಡ್ರಿ.

ಗಾಯನಕ್ಕ 80 ಹರ್ಟ್ಸ್ ಹೈಪಾಸ್ (ಅದರ ಕೆಳಗಿನ ದನಿ ಕಡಿಮಿ ಮಾಡೂ ಫಿಲ್ಟರ್) ಸಾಕು. ಡಗ್ಗಾಕ್ಕ ಮಾತ್ರ ಅದನ್ನ ಹಾಕಬ್ಯಾಡ್ರಿ, ಗುಮಕಿನ ತಳಾನೇ ಹೋಗ್ತದ. ದನಿ, ತಂಬೂರಿ, ಹಾರ್ಮೋನಿಯಂ ಮೂರೂ 250–400 ಹರ್ಟ್ಸ್‌ನ್ಯಾಗ ಗುದ್ದಾಡ್ತಾವ. ಅದಕ್ಕ ಮಿಕ್ಸ್ ಮಬ್ಬಾಗೂದು. ಅಲ್ಲಿ ಹಾರ್ಮೋನಿಯಂ 3 ಡಿಬಿ ಇಳಿಸಿ ನೋಡ್ರಿ, ದನಿ ಮುಟ್ಟದನ ಮುಂದ ಬರ್ತದ. ತಬಲಾಕ್ಕ ಕಂಪ್ರೆಸರ್ (ಜೋರು ದನಿ ತಗ್ಗಿಸೂ ಸಾಧನ) 3:1, ಅಟ್ಯಾಕ್ (ಅದು ದನಿ ಹಿಡಿಯಾಕ ತಗೊಳ್ಳೂ ಹೊತ್ತು) 20 ಮಿಲಿಸೆಕೆಂಡ್. 1–2ಕ್ಕ ಇಳಿಸಿದ್ರ 'ನಾ' ಬಡಿತ ಸಾಯ್ತದ.

ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚಿನ ಕಡೀ ಹದಕ್ಕ) ಬರೂ ಮಿಕ್ಸ್‌ನ ಪೀಕ್ -6 ಡಿಬಿ ಇರಲಿ, ಮಾಸ್ಟರ್ ಬಸ್‌ನ್ಯಾಗ (ಎಲ್ಲಾ ಟ್ರ್ಯಾಕ್ ಕೂಡೂ ಕಡೀ ಚಾನೆಲ್‌ನ್ಯಾಗ) ಲಿಮಿಟರ್ (ದನಿ ಒಂದು ಮಿತಿ ದಾಟದಂಗ ತಡಿಯೂ ಸಾಧನ) ಬ್ಯಾಡ. ಅದನ್ನ ಕಡೀಕ ಮಾಸ್ಟರಿಂಗ್‌ನ್ಯಾಗ ಹಾಕೂವಾಗ ಸೀಲಿಂಗ್ (ಮೇಲಿನ ಮಿತಿ) -1 ಡಿಬಿ ಟ್ರೂ ಪೀಕ್ ಇರಲಿ. ಯೂಟ್ಯೂಬ್ -14 ಲಫ್ಸ್ (LUFS, ಕಿವಿಗೆ ಕೇಳೂ ಸರಾಸರಿ ಜೋರಿನ ಅಳತಿ)ಗಿಂತ ಜೋರಿದ್ದದ್ದನ್ನ ತಾನೇ ಇಳಸ್ತದ. -8ರತನಕ ಹಿಂಡಿದ್ರ ಜೀವ ಹೋಗ್ತದ, ಜೋರು ಸಿಗಂಗಿಲ್ಲ.

ಟ್ರ್ಯಾಕ್ ಎಲ್ಲಾ ಸೊನ್ನೆಯಿಂದ ಶುರು ಆಗೂವಂಗ ವೇವ್ (WAV) ಫೈಲ್ ಮಾಡಿ, ಗುಂಪಿನ್ಯಾಗ ಆಡಿಯೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಸ್ರಿ.